ನನ್ನ ಕೀಲಿಕೈ ಮತ್ತು ಐದನೆಯ ಕಲ್ಲು

ಆ ಅಡವಿಯ ಜೊತೆ ನನ್ನ ಮೊದಲ ಭೇಟಿ ನಡೆದದ್ದು ನಮ್ಮ ಮನೆಯ ಹೊಸ್ತಿಲಲ್ಲಿ. ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಬೆಲ್ಲು ಹೊಡೆಯಿತು, ಬಾಗಿಲು ತೆಗೆದೆ. ಎದುರಿಗೆ ಒಬ್ಬ ಹುಡುಗಿ. ತಲೆಗೆ ಹಸಿರು ಟೊಪ್ಪಿಗೆ, ಬೆನ್ನಿಗೆ ಚೀಲ, ಕೈಯಲ್ಲಿ ಹಸಿರು ಕಾಗದದ ಕಟ್ಟು. ಹೆಸರು ಸ್ನೇಹಲ್ ಎಂದಳು. ನಮ್ಮ ಕಾಲೊನಿಯ ಹಿಂದಿನ ಪಾರ್ಕಿನಲ್ಲಿ ಜನರಿಗೆ ಅಡವಿ ತೋರಿಸುವುದು ಅವಳ ಕೆಲಸವಂತೆ.

"ಆಜೀ, ಜರಾ ಹೊರಗ ಬರ್ರಿ, ಹೇಳ್ತೀನಿ." ಅವಳ ತಾಯಿ ನಿಪ್ಪಾಣಿಯವಳಂತೆ. ಅದಕ್ಕೇ ಬಾಯಲ್ಲಿ ಒಂದು ತುತ್ತು ಮರಾಠಿ, ಒಂದು ತುತ್ತು ಕನ್ನಡ.

"ಹೊರಗ ಬರಾಕ ಆಗೂದಿಲ್ಲವ್ವಾ. ನೀನೇ ಇತ್ತಾಗ ಸರಿ."

"ಮೊಣಕಾಲ ಬ್ಯಾನಿ ಏನ್ರಿ?"

"ಮೊಣಕಾಲು ಛಲೋ ಅದಾವ. ಬ್ಯಾನಿ ಬಾಗಿಲಿಗೆ ಐತಿ."

ನಾನು ಆಗ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು, ಬೆನ್ನಿನಿಂದ ಬಾಗಿಲನ್ನು ಒತ್ತಿ ಹಿಡಿದು ನಿಂತಿದ್ದೆ. ಇಲ್ಲಿ ನಮ್ಮ ಬಾಗಿಲಿನ ಸ್ವಭಾವ ಹೇಳಬೇಕು. ಈ ಬಿಲ್ಡಿಂಗಿನ ಬಾಗಿಲುಗಳು ತಾವೇ ಮುಚ್ಚಿಕೊಂಡು ತಾವೇ ಕೀಲಿ ಹಾಕಿಕೊಳ್ಳುತ್ತವೆ. ಒಳಗಿನಿಂದ ತೆಗೆಯಲು ಏನೂ ಬೇಡ. ಹೊರಗಿನಿಂದ ತೆಗೆಯಲು ಕೀಲಿಕೈ ಬೇಕು. ಕೀಲಿಕೈಗಳು ಮೂರು. ಒಂದು ಮಗ ದೇವಾನಂದನ ಕಿಸೆಯಲ್ಲಿ. ಒಂದು ಸೊಸೆ ಶಿವಕುಮಾರಿಯ ಪರ್ಸಿನಲ್ಲಿ. ಮೂರನೆಯದೂ ಸೊಸೆಯ ಪರ್ಸಿನಲ್ಲಿ. ಆ ಮೂರನೆಯದು ನನ್ನದು.

ಅದು ಹೇಗೆ ಅಲ್ಲಿಗೆ ಹೋಯಿತು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ. ಹೋದ ಶ್ರಾವಣದಲ್ಲಿ ಒಂದು ದಿನ ಕೊತ್ತಂಬರಿ ತರಲು ಕೆಳಗೆ ಇಳಿದೆ. ತಂದೆ. ಲಿಫ್ಟ್ ಹತ್ತಿದೆ, ನಾಲ್ಕನೆಯ ಮಹಡಿಗೆ ಬಂದೆ, ನಾನೂರಾ ನಾಲ್ಕು ಎಂದು ಬರೆದ ಬಾಗಿಲಿಗೆ ಕೀಲಿಕೈ ಹಾಕಿದೆ. ತಿರುಗಲಿಲ್ಲ. ನನಗೆ ಸಿಟ್ಟು ಬರುವುದಿಲ್ಲ, ತಾಳ್ಮೆ ಬಹಳ. ಇಪ್ಪತ್ತೆರಡು ನಿಮಿಷ ತಿರುಗಿಸಿದೆ. ಆಗ ಒಳಗಿನಿಂದ ಒಬ್ಬ ಹೆಣ್ಣುಮಗಳು, "ಯಾರು ಮಾರಾಯ್ರೆ ಅದು? ನಮ್ಮ ಬಾಗಿಲಿಗೆ ಎಂಥ ಮಾಡ್ತಿದ್ದೀರಿ?" ಎಂದು ಕೂಗಿದಳು. "ನೀ ಯಾರವ್ವಾ, ನಮ್ಮ ಮನ್ಯಾಗ ಹೆಂಗ ಹೊಕ್ಕಿ?" ಎಂದು ನಾನು ಇನ್ನಷ್ಟು ಜೋರಾಗಿ ತಿರುಗಿಸಿದೆ. ಕಟ್ ಎಂದಿತು. ಕೀಲಿಕೈಯ ಅರ್ಧ ನನ್ನ ಕೈಯಲ್ಲಿ, ಅರ್ಧ ಬಾಗಿಲಿನ ಹೊಟ್ಟೆಯಲ್ಲಿ.

ನಮ್ಮದು ಎ ವಿಂಗ್. ಅದು ಬಿ ವಿಂಗ್. (ಎರಡಕ್ಕೂ ಒಂದೇ ಬಣ್ಣ ಬಳಿದವರನ್ನು ಯಾರೂ ಕೇಳುವುದಿಲ್ಲ.) ಒಳಗಿದ್ದವಳು ಉಡುಪಿಯ ಕಡೆಯ ನೀಲಾವತಿ. ಮೂರು ತಾಸು ಆಕೆ ತನ್ನ ಮನೆಯಲ್ಲೇ ಸೆರೆಯಾದಳು. ನಾನು ಸೊಸೆಗೆ ಫೋನು ಮಾಡಿದೆ. ಅಂಧೇರಿಯ ಆಫೀಸಿನಲ್ಲಿದ್ದ ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದ ಮಾತು ಇದು: "ಅತ್ತೀ, ಅಲ್ಲೇ ನಿಂದರ್ರಿ. ಎಲ್ಲೂ ಹೋಗಬ್ಯಾಡ್ರಿ. ಯಾರಾರ ಬಂದು ಕರಕೊಂಡು ಹೋಗ್ತಾರ." ಒಂದು ಅಕ್ಷರ ಕೂಡ ಮರೆತಿಲ್ಲ.

ಮುರಿದದ್ದರ ಬದಲು ಮಾಡಿಸಿದ ಹೊಸ ಕೀಲಿಕೈ ನೇರ ಸೊಸೆಯ ಪರ್ಸಿಗೆ ಹೋಯಿತು, ಮುರಿದ ಅರ್ಧ ಮಾತ್ರ ನನ್ನ ಹತ್ತಿರ ಉಳಿಯಿತು. ಆವತ್ತಿನಿಂದ ನಾನು ಪದಚ್ಯುತಳಾದೆ. ಬೆಳಿಗ್ಗೆ ಒಂಬತ್ತಕ್ಕೆ ಮಗ, ಸೊಸೆ, ಮೊಮ್ಮಗಳು ಹೊರಟರೆ ಸಂಜೆ ಆರರವರೆಗೆ ನಾನು ಹೊಸ್ತಿಲಿನ ಒಳಗೆ. ಹೊರಗೆ ಹೋಗಬಾರದು ಎಂದು ಯಾರೂ ಹೇಳಿಲ್ಲ. ಹೋಗಬಹುದು. ಒಳಗೆ ಬರಲು ಮಾತ್ರ ಆಗುವುದಿಲ್ಲ.

ಇಷ್ಟನ್ನೂ ಸ್ನೇಹಲ್‌ಗೆ ಅಲ್ಲೇ ನಿಂತು ಹೇಳಿದೆ. ಅವಳು ನಗಲಿಲ್ಲ. ಹಸಿರು ಕಾಗದ ಕೊಟ್ಟು ಬೆರಳಿಟ್ಟು ಓದಿ ತೋರಿಸಿದಳು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಕುಟುಂಬದವರಿಗಾಗಿ ಅಡವಿ ಸುತ್ತಾಟ. ಬಹಳ ಸುಲಭ. ಮುಕ್ಕಾಲು ತಾಸು. ನಾಲ್ಕು ವರ್ಷದವರಿಂದ ಎಂಬತ್ತು ವರ್ಷದವರವರೆಗೆ.

"ದಾರಿ ತಪ್ಪೂದಿಲ್ಲೇನು?" ಎಂದು ಕೇಳಿದೆ.

"ಆಜೀ, ಟೆನ್ಶನ್ ನಕೋ. ಅಲ್ಲಿ ದಾರಿ ತಪ್ಪಬೇಕಂದ್ರೂ ತಪ್ಪಾಕ ಬರೂದಿಲ್ಲ."

ನನ್ನ ಎದೆಯಲ್ಲಿ ಡೊಳ್ಳು ಹೊಡೆಯಿತು. ತಪ್ಪಬೇಕೆಂದರೂ ತಪ್ಪದ ದಾರಿ! ಎಪ್ಪತ್ತೊಂದು ವರ್ಷದಲ್ಲಿ ಯಾರೂ ನನಗೆ ಅಂಥ ದಾರಿ ತೋರಿಸಿರಲಿಲ್ಲ. ಆ ಕಾಗದವನ್ನು ಸಂಜೆಯವರೆಗೂ ಕುಪ್ಪಸದಲ್ಲಿ ಇಟ್ಟುಕೊಂಡು ಕಾದೆ.

ಸಂಜೆ ರೊಟ್ಟಿ ಬಡಿಯುತ್ತ ವಿಷಯ ತೆಗೆದೆ.

"ಶಿವಕುಮಾರಿ, ನಾ ಅಡವಿ ಸುತ್ತಿ ತಪ್ಪದ ಬಂದ್ನೆಂದ್ರ ನನ್ನ ಕೀಲಿಕೈ ನನಗ ಕೊಡ್ತಿ?"

"ಎ ವಿಂಗ್ ಬಿ ವಿಂಗ್ ತಿಳಿಯೂದಿಲ್ಲ, ಅಡವ್ಯಾಗ ಗಿಡಾ ಗಿಡಾ ಹೆಂಗ ತಿಳೀತಾವ್ರಿ ಅತ್ತೀ?"

"ಗಿಡಕ್ಕ ಬ್ಯಾರೆ ಬ್ಯಾರೆ ಎಲಿ ಇರತಾವು. ನಿಮ್ಮ ಬಿಲ್ಡಿಂಗಿಗೆ ಏನೈತಿ?"

ದೇವಾನಂದ "ಹೂಂ" ಎಂದ. (ನನ್ನ ಮಗ ಇಪ್ಪತ್ತು ವರ್ಷದ ಸಂಸಾರದಲ್ಲಿ ಕಲಿತ ಒಂದೇ ಶಬ್ದ. ಅದನ್ನು ಯಾರ ಕಡೆಗೂ ಮುಖ ಮಾಡದೆ ಹೇಳುವುದರಲ್ಲಿ ಅವನಿಗೆ ಸರಿಸಾಟಿ ಇಲ್ಲ.)

ಶಿವಕುಮಾರಿ ಯೋಚಿಸಿ ಶರತ್ತು ಹೇಳಿದಳು. ನಾನು ಎರಡು ಸಲ ಹೇಳಿಸಿ ಗಟ್ಟಿ ಮಾಡಿಕೊಂಡೆ. ಒಂದು, ನಾನು ದಾರಿ ತಪ್ಪಬಾರದು. ಎರಡು, ಯಾರೂ ಹುಡುಕಿಕೊಂಡು ಹೋಗುವ ಪ್ರಸಂಗ ಬರಬಾರದು. ಎರಡೂ ಆದರೆ ಭಾನುವಾರ ಮಧ್ಯಾಹ್ನ ಊಟಕ್ಕೆ ಮೊದಲು ಕೀಲಿಕೈ ನನ್ನ ಕೈಗೆ. ಒಂಬತ್ತು ವರ್ಷದ ಮೊಮ್ಮಗಳು ಶೀತಲ ಸಾಕ್ಷಿ. "ಅಜ್ಜಿ, ಡನ್!" ಎಂದು ಅವಳು ನನ್ನ ಹಿಟ್ಟಿನ ಕೈಗೆ ಕೈ ಬಡಿದಳು.

ಭಾನುವಾರ ನಾಲ್ಕೂವರೆಗೇ ಎದ್ದು ಸ್ನಾನ ಮಾಡಿದೆ. ಹಸಿರು ಇಳಕಲ್ ಸೀರೆ ಉಟ್ಟೆ. ಹಣೆಗೆ ವಿಭೂತಿ ಇಟ್ಟೆ. ವಿಭೂತಿ ನಾನು ಇಡುವುದು ನಮ್ಮ ಮಾವನವರು ಕಲಿಸಿದ ರೀತಿಯಲ್ಲಿ. ಗಟ್ಟಿಯನ್ನು ನೀರು ಹಚ್ಚಿ ತಿಕ್ಕಿ, ನಡುವಿನ ಮೂರು ಬೆರಳಿಂದ ಒಂದೇ ಸಲ ಎಳೆಯಬೇಕು, ಮೂರೂ ಗೀಟು ಒಂದೇ ಉದ್ದ ಬರಬೇಕು. ಬರುತ್ತವೆ. ಆದರೆ ಐವತ್ತು ವರ್ಷ ರೊಟ್ಟಿ ಬಡಿದು ನನ್ನ ಉಂಗುರ ಬೆರಳು ಸ್ವಲ್ಪ ಸೊಟ್ಟ. ಅದರಿಂದ ಕೆಳಗಿನ ಗೀಟಿನ ತುದಿ ಚೇಳಿನ ಬಾಲದ ಹಾಗೆ ಮೇಲಕ್ಕೆ ಕೊಂಕುತ್ತದೆ. ಈ ಕೊಂಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ನನ್ನ ಮಾನ ಕಳೆಯಲಿದೆ. ವಿಭೂತಿ ಗಟ್ಟಿಯನ್ನು ಎಂದಿನಂತೆ ಸಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಪಾರ್ಕು ಮೂರು ಎಕರೆ. ಹಿಂದೆ ಅಲ್ಲಿ ಒಂದು ಫ್ಯಾಕ್ಟರಿ ಇತ್ತಂತೆ. ಅದು ಮುಚ್ಚಿದ ಮೇಲೆ ಗಿಡಗಳು ಯಾರನ್ನೂ ಕೇಳದೆ ಬೆಳೆದವು. ನಮ್ಮ ಇಂಡಿ ತಾಲೂಕಿನಲ್ಲಿ ಮೂರು ಎಕರೆ ಎಂದರೆ ಒಂದು ಸಣ್ಣ ಹೊಲ. ಭಾಂಡುಪದಲ್ಲಿ ಅದು ಅರಣ್ಯ.

ಗೇಟಿನ ಹತ್ತಿರ ಸ್ನೇಹಲ್ ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡುತ್ತಿದ್ದಳು. ನಿಯಮಗಳನ್ನು ಹೇಳುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೂ ಸೊಸೆಗೂ ಬೂಟಿನ ಮೇಲೆ ಮಾತು ನಡೆದಿತ್ತು.

"ಅತ್ತೀ, ಬೂಟು ಹಾಕ್ಕೊಳ್ರಿ ಅಂದ್ರ ಚಪ್ಪಲಿ ಮ್ಯಾಲ ಬಂದೀರಿ."

"ಇಳಕಲ್ ಸೀರಿ ಕೆಳಗ ಬೂಟು ಹಾಕಿದ್ರ ನಾ ಪೊಲೀಸಿನಾಕಿ ಕಂಡಂಗ ಕಾಣ್ತೀನಿ. ನಿನ್ನ ಬಿಳೀ ಬೂಟು ನೋಡ್ಕೋ. ಅಡವಿಗೆ ಯಾರಾರ ಬಿಳೀದು ಹಾಕ್ಕೊಂಡು ಬರ್ತಾರ?"

"ಇವು ವಾಕಿಂಗಿನವಽ ಅದಾವ್ರಿ! ನಿನ್ನೆ ತಂದೀನಿ!"

ಬೂಟಿನ ತೀರ್ಮಾನ ಆಗುವಷ್ಟರಲ್ಲಿ ಭಾಷಣ ಮುಗಿದಿತ್ತು. ಸ್ನೇಹಲ್ ಎರಡು ತಂಡ ಮಾಡಿದಳು. ವಯಸ್ಸಾದವರು ಏಳು ಮಂದಿ, ಅವಳ ಜೊತೆಯಲ್ಲಿ ಮೊದಲು. ಮಕ್ಕಳಿದ್ದ ಕುಟುಂಬಗಳು ಹತ್ತೊಂಬತ್ತು ಮಂದಿ, ಅರ್ಧ ತಾಸು ಬಿಟ್ಟು, ತಾವೇ ದಾರಿ ಹುಡುಕುತ್ತ ಬರಬೇಕು. ಮಕ್ಕಳಿಗೆ ಅದೇ ಆಟವಂತೆ. ಎರಡನೆಯ ತಂಡದಲ್ಲಿ ನಮ್ಮವರು ಮೂವರು, ಮತ್ತೆ (ನನ್ನ ಕರ್ಮ) ಬಿ ವಿಂಗಿನ ನೀಲಾವತಿ ತನ್ನ ಮೊಮ್ಮಕ್ಕಳ ಕೈ ಹಿಡಿದುಕೊಂಡು. ನನ್ನನ್ನು ಕಂಡ ಕೂಡಲೇ ಆಕೆ ತನ್ನ ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಒಳಗೆ ಕಾಲಿಟ್ಟೆ ನೋಡಿ! ದೀಪಾವಳಿ ಕಳೆದು ವಾರವಾಗಿತ್ತು, ಹವೆ ತಂಪು. ಮುತ್ತಲ, ಬೇವು, ಹುಣಸೆ, ಅತ್ತಿ ಎಲ್ಲ ಒಂದೇ ಕಡೆ ನಿಂತಿದ್ದವು, ಸಂಬಂಧಿಕರೆಲ್ಲ ಒಂದು ಮದುವೆಗೆ ಬಂದ ಹಾಗೆ. ನಾನು ಒಂದೊಂದಕ್ಕೂ ನಿಂತು ಮಾತಾಡಿಸಿದೆ. ಉಳಿದ ಆರು ಮಂದಿ ಮುಂದೆ ಹೋದರು. ನನಗೆ ಅವಸರ ಇಲ್ಲ. ತಪ್ಪಬೇಕೆಂದರೂ ತಪ್ಪದ ದಾರಿ.

ಹುಣಸೆ ಗಿಡದ ಬುಡದಲ್ಲಿ ಒಂದು ಕಲ್ಲು ಕಂಡಿತು. ಮೊಣಕಾಲೆತ್ತರ, ಗುಂಡಗೆ. ಅದರ ಮೇಲೆ ಅಡ್ಡಡ್ಡ ಮೂರು ಬಿಳಿಯ ಗೀಟು.

ನನ್ನ ಮೈ ಜುಮ್ಮೆಂದಿತು. ವಿಭೂತಿ! ಭಾಂಡುಪದ ಅಡವಿಯಲ್ಲಿ ನಮ್ಮ ಪರಮಾತ್ಮ! ಈ ಊರಿಗೆ ಬಂದು ಹದಿನೆಂಟು ವರ್ಷ, ಎರಡು ಫರ್ಲಾಂಗು ದೂರದಲ್ಲಿ ಇಂಥ ಕ್ಷೇತ್ರ ಇದೆಯೆಂದು ಯಾರೂ ಹೇಳಲಿಲ್ಲವಲ್ಲ! ಚಪ್ಪಲಿ ಬಿಟ್ಟು ಕೈಮುಗಿದೆ. ಮುಟ್ಟಲಿಲ್ಲ. ಇನ್ನೊಬ್ಬರು ಹಚ್ಚಿದ ವಿಭೂತಿಯನ್ನು ಮುಟ್ಟಿ ಕೆಡಿಸಬಾರದು. ಹತ್ತು ಹೆಜ್ಜೆ ಹೋದರೆ ಮತ್ತೊಂದು. ಮತ್ತೆ ಹದಿನೈದು ಹೆಜ್ಜೆಗೆ ಇನ್ನೊಂದು. ಚಪ್ಪಲಿ ಬಿಡುವುದು, ಕೈಮುಗಿಯುವುದು, ಚಪ್ಪಲಿ ಹಾಕುವುದು. ಏಳನೆಯದಕ್ಕೆ ಚಪ್ಪಲಿ ಕೈಯಲ್ಲೇ ಹಿಡಿದುಕೊಂಡೆ.

ಎಂಟನೆಯ ಕಲ್ಲಿನ ಹತ್ತಿರ ದಾರಿ ಬಲಕ್ಕೆ ತಿರುಗಿತು. ನಾನೂ ತಿರುಗಬೇಕು, ಅಷ್ಟರಲ್ಲಿ ಎಡಗಡೆ, ಅತ್ತಿಯ ಗಿಡದ ಕೆಳಗೆ ಒಂದು ಕಲ್ಲು ಕಣ್ಣಿಗೆ ಬಿತ್ತು. ಇದುವರೆಗೆ ನೋಡಿದ ಎಂಟಕ್ಕಿಂತ ನುಣುಪು. ಎಂಟಕ್ಕಿಂತ ಗುಂಡು. ಮತ್ತು ಬೋಳು! ಒಂದು ಗೀಟಿಲ್ಲ!

ಎಂಟು ಮಂದಿಯನ್ನು ಪಂಕ್ತಿಗೆ ಕೂರಿಸಿ ಒಂಬತ್ತನೆಯವನನ್ನು ಬಾಗಿಲಲ್ಲೇ ಬಿಡುವುದೇ? ಹಚ್ಚುವವರಿಗೆ ಗಟ್ಟಿ ಮುಗಿದಿರಬೇಕು, ಪಾಪ. ನನ್ನ ಸಂಚಿಯಲ್ಲಿತ್ತು. ಬಾಟಲಿಯ ನೀರಿಂದ ಕಲ್ಲು ತೊಳೆದು, ಸೆರಗಿನಿಂದ ಒರಸಿ, ವಿಭೂತಿ ತಿಕ್ಕಿ, ಮೂರು ಬೆರಳು ಎಳೆದೆ. ಆಹಾ, ಏನು ಕಳೆ ಬಂತು! ತಲೆ ಎತ್ತಿದರೆ ಆಚೆ ಇನ್ನೊಂದು ಬೋಳು ಕಲ್ಲು. ಅದರಾಚೆ ಇನ್ನೊಂದು. ನಾನು ಎಣಿಸಿ ಹೇಳುತ್ತೇನೆ, ಒಟ್ಟು ಐದು. ಐದನೆಯದು ಒಂದು ತಗ್ಗಿನ ಅಂಚಿನಲ್ಲಿತ್ತು. ಅದಕ್ಕೂ ಹಚ್ಚಿದೆ. ಅಷ್ಟರಲ್ಲಿ ದೂರದಿಂದ "ಆಜೀ! ಓ ಆಜೀ!" ಎಂದು ಸ್ನೇಹಲ್ ಕೂಗಿದಳು. ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ, ಎಂಟನೆಯ ಕಲ್ಲಿನಿಂದ ಬಲಕ್ಕೆ ತಿರುಗಿ, ತಂಡ ಕೂಡಿಕೊಂಡೆ. ಮುಂದೆಯೂ ಹನ್ನೊಂದು ದೇವರು ಸಿಕ್ಕರು. ಎಲ್ಲರ ಹಣೆಯ ಮೇಲೂ ವಿಭೂತಿ ಇತ್ತು, ನಾನು ಕೈ ಹಾಕುವ ಪ್ರಸಂಗ ಬರಲಿಲ್ಲ.

ಐವತ್ತೆರಡು ನಿಮಿಷಕ್ಕೆ ಸುತ್ತು ಮುಗಿಯಿತು. ಗೇಟಿನ ಬೆಂಚಿನ ಮೇಲೆ ಸಾಮ್ರಾಜ್ಞಿಯ ಹಾಗೆ ಕೂತೆ. ದಾರಿ ತಪ್ಪಲಿಲ್ಲ. ಯಾರೂ ನನ್ನನ್ನು ಹುಡುಕಲಿಲ್ಲ. ಕೀಲಿಕೈಯನ್ನು ಕೊರಳ ದಾರದಲ್ಲಿ ಕಟ್ಟಿಕೊಳ್ಳುವುದೋ, ಸಂಚಿಯಲ್ಲಿ ಹಾಕಿಕೊಳ್ಳುವುದೋ ಎಂದು ಯೋಚಿಸುತ್ತಿದ್ದೆ. ಸೋಮವಾರ ಒಬ್ಬಳೇ ಇಳಿದು ಕೊತ್ತಂಬರಿ ತರುವುದು. ಮಂಗಳವಾರ ಸುಮ್ಮನೆ ಇಳಿಯುವುದು. ಬುಧವಾರ ಇಳಿದು, ಹತ್ತಿ, ಮತ್ತೆ ಇಳಿಯುವುದು.

ಒಂಬತ್ತೂಕಾಲು ಆಯಿತು, ಎರಡನೆಯ ತಂಡ ಬರಲಿಲ್ಲ. ಒಂಬತ್ತೂವರೆಗೂ ಇಲ್ಲ. ಒಂಬತ್ತು ಮೂವತ್ತೆಂಟಕ್ಕೆ ನನ್ನ ಫೋನು ರಿಂಗಣಿಸಿತು.

"ಅತ್ತೀ," ಎಂದಳು ಸೊಸೆ, "ನೀವೆಲ್ಲಿ ಅದೀರಿ?"

"ಗೇಟಿನ ಹಂತ್ಯಾಕ ಕುಂತೀನಿ. ನೀ ಎಲ್ಲಿ ಅದಿ?"

ಅವಳು ಮೆಲ್ಲಗೆ, "ನಾವು ದಾರಿ ತಪ್ಪೀವ್ರಿ."

ಓದುಗರೇ, ನನ್ನ ಬಾಳಿನಲ್ಲಿ ಮದುವೆಯ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮಾಡುವ ಗುಂಡಿ ಯಾವುದೆಂದು ನನಗೆ ಗೊತ್ತಿತ್ತು. ಒತ್ತಿದೆ.

"ಏನಂದಿ? ಕೇಳಸಲಿಲ್ಲ."

"ದಾರಿ ತಪ್ಪೀವ್ರಿ ಅತ್ತೀ! ಇಲ್ಲೊಂದು ದೊಡ್ಡ ತಗ್ಗು ಐತಿ, ಮುಂದ ದಾರಿನಽ ಇಲ್ಲ. ಸುತ್ತಾ ಕೆಸರು. ಏನೋ ಕೆಟ್ಟ ವಾಸನಿ ಬರಾಕತ್ತೈತಿ. ಅದು ಚಿರತಿ ವಾಸನಿ ಅಂತ ಒಬ್ಬಾಂವ ಹೇಳಿದಾಗಿಂದ ಯಾರೂ ಅಳ್ಳಾಡವಲ್ರು. ಬಿ ವಿಂಗಿನ ನೀಲಾವತಿಬಾಯಿ ಕಲ್ಲಿನ ಮುಂದ ಕುಂತು ಹರಕಿ ಹೊರಾಕತ್ತಾರ!"

ನಾನು ಗಂಟಲು ಸರಿಪಡಿಸಿಕೊಂಡೆ. ಶ್ರಾವಣದಿಂದ ಕಾದಿಟ್ಟ ಮಾತು.

"ಶಿವಕುಮಾರಿ, ಅಲ್ಲೇ ನಿಂದರು. ಎಲ್ಲೂ ಹೋಗಬ್ಯಾಡ. ಯಾರಾರ ಬಂದು ಕರಕೊಂಡು ಹೋಗ್ತಾರ."

ಸ್ನೇಹಲ್ ತೋಟದ ಮಾಲಿ ಮುರಿಗೆಪ್ಪನನ್ನು ಓಡಿಸಿದಳು. ಹತ್ತು ನಿಮಿಷದಲ್ಲಿ ಅವನು ಎಲ್ಲರನ್ನೂ ಸಾಲಾಗಿ ಕರೆತಂದ. ಚಿರತೆಯ ವಾಸನೆ ಬಂದದ್ದು ಅವನ ಗೊಬ್ಬರದ ಗುಂಡಿಯಿಂದ. ಹತ್ತೊಂಬತ್ತು ಮಂದಿ ನಲವತ್ತು ನಿಮಿಷ ಗೊಬ್ಬರದ ಗುಂಡಿಯ ಸುತ್ತ ಕೈಕೈ ಹಿಡಿದು ನಿಂತಿದ್ದರು. ಅದಕ್ಕೂ ಮೊದಲು, ಇದೇ ಅಡವಿಯ ಮುಖ್ಯ ನೋಟವೆಂದು ತಿಳಿದು ಅದರ ಮುಂದೆ ಫೋಟೋ ಕೂಡ ತೆಗೆಸಿಕೊಂಡಿದ್ದರು. ಸೊಸೆಯ ಬಿಳಿಯ ಬೂಟು ಈಗ ಗೋಧಿ ಹುಗ್ಗಿಯ ಬಣ್ಣ.

ನಾನು ಎದ್ದು ನಿಂತು ನಾಲ್ಕು ಮಾತು ಆಡಿದೆ. (ಆಡಬಾರದಿತ್ತು.) "ಕಣ್ಣು ತೆರಕೊಂಡು ನಡೀಬೇಕ್ರಿ. ಎಪ್ಪತ್ತೊಂದು ವರ್ಷದಾಕಿ ನಾ ತಪ್ಪಲಿಲ್ಲ, ಕಲತಾವರು ನೀವು ತಪ್ಪಿದ್ರಿ ಅಂದ್ರ!"

"ನಾವು ಗೀಟು ನೋಡಿಕೊಂಡೇ ಬಂದದ್ದು ಮಾರಾಯ್ರೆ!" ಎಂದಳು ನೀಲಾವತಿ. "ಮೂರು ಬಿಳಿ ಗೀಟು ಇರುವ ಕಲ್ಲು ನೋಡಿಕೊಂಡು ಬನ್ನಿ ಅಂತ ಈ ಹುಡುಗಿಯೇ ಹೇಳಿದ್ದಲ್ವಾ?"

ಗೀಟು ದಾರಿಯ ಗುರುತೇ?

"ಗುಂಡಿ ಕಡೆ ನಾವು ಗುರುತು ಹಾಕೇ ಇಲ್ಲ," ಸ್ನೇಹಲ್ ಬೆರಗಾದಳು. "ಮುರಿಗೆಪ್ಪಾ, ನೀವು ಹಾಕಿದ್ರ್ಯಾ?"

"ನಾ ಹಾಕಿಲ್ರಿ ಮೇಡಮ್ಮಾರ. ಬರೂ ಮುಂದ ನಾನೂ ನೋಡಿದ್ನಿ. ನಂದು ಪೇಂಟು, ತಿಕ್ಕಿದ್ರ ಹೋಗೂದಿಲ್ಲ. ಇದು ಬೆರಳಿಗೆ ಬಂತ್ರಿ." ಮುರಿಗೆಪ್ಪ ತನ್ನ ಬೆರಳು ಮೂಸಿದ. ಅವನೂ ನಮ್ಮ ವಿಜಾಪುರದ ಕಡೆಯವನೇ. "ಇದು ಸುಣ್ಣಲ್ರಿ. ಇದು ನಮ್ಮ..." ಎನ್ನುತ್ತ ತಲೆ ಎತ್ತಿ, ನನ್ನ ಹಣೆ ನೋಡಿದ. "ಐದೂ ಕಲ್ಲಿನ ಮ್ಯಾಲ ಕೆಳಗಿನ ಗೀಟು ಹಿಂಗ ಮ್ಯಾಲಕ್ಕ ಕೊಂಕಿತ್ರಿ. ಥೇಟ ಹಿಂಗ."

ಇಪ್ಪತ್ತಾರು ಮಂದಿ ನನ್ನ ಹಣೆಯನ್ನು ಓದಿದರು. ಶೀತಲ ಹತ್ತಿರ ಬಂದು ನನ್ನ ಬಲಗೈ ಎತ್ತಿ ತಿರುಗಿಸಿ ನೋಡಿದಳು. ಮೂರು ಬೆರಳು ಇನ್ನೂ ಬೆಳ್ಳಗಿದ್ದವು.

"ಅಜ್ಜಿ," ಎಂದಳು ಅವಳು, "ಇಟ್ ಇಸ್ ಯು!"

ನಾನು ಬೆಂಚಿನ ಮೇಲೆ ಕೂತೆ. ಕೂತ ಮೇಲೆ ತಪ್ಪೊಪ್ಪಿಕೊಂಡೆ, ಆದರೆ ಒಂದು ಪ್ರಶ್ನೆ ಕೇಳದೆ ಬಿಡಲಿಲ್ಲ. "ದಾರಿ ಗುರುತಿಗೆ ಬಾಣ ಹಾಕಬೇಕಿತ್ತು. ಮೂರು ಗೀಟು ಅಡ್ಡ ಎಳದ್ರ ನನ್ನಂಥಾಕಿ ಏನು ತಿಳೀಬೇಕು?"

ಮುರಿಗೆಪ್ಪ ತಲೆ ಕೆರೆದುಕೊಂಡ. "ಮೇಡಮ್ಮಾರು ಒಂದಽ ಗೀಟು ಹಾಕು ಅಂದಿದ್ರಿ ಅವ್ವಾರ. ಕಲ್ಲು ಕಂಡಕೂಡಲೇ ಕೈ ತಾನಽ ಮೂರು ಎಳೀತ್ರಿ. ಒಂದು ಎಳದು ಬಿಡಾಕ ಮನಸ್ಸು ಒಪ್ಪಲಿಲ್ಲ."

ನೋಡಿದಿರಾ? ಆದರೂ ಅವನ ಮೇಲೆ ಯಾರೂ ಕಣ್ಣು ಕೆಂಪಗೆ ಮಾಡಲಿಲ್ಲ.

ಮನೆಗೆ ಬಂದು ಊಟಕ್ಕೆ ಮೊದಲು ನಾನು ಕೈ ಚಾಚಿದೆ. "ಕೀಲಿಕೈ."

"ಯಾವ ಕೀಲಿಕೈರಿ?" ಸೊಸೆ ಬಕೆಟ್ಟಿನಲ್ಲಿ ಬೂಟು ತಿಕ್ಕುತ್ತಿದ್ದಳು.

"ಶರತ್ತು ಒಂದು, ನಾ ದಾರಿ ತಪ್ಪಬಾರದು. ತಪ್ಪಿಲ್ಲ."

"ನೀವು ತಪ್ಪಿಲ್ರಿ ಅತ್ತೀ. ಹತ್ತೊಂಬತ್ತು ಮಂದಿನ್ನ ತಪ್ಪಿಸಿದ್ರಿ. ಶರತ್ತು ಎರಡು ಏನಿತ್ತು?"

"ಯಾರೂ ನನ್ನ ಹುಡುಕ್ಕೊಂಡು..."

"ನಿಮ್ಮನ್ನ ಅಂತ ನಾ ಅಂದಿಲ್ಲ. ಯಾರೂ ಹುಡುಕ್ಕೊಂಡು ಹೋಗೂ ಪ್ರಸಂಗ ಬರಬಾರದು ಅಂದಿದ್ದೆ. ನೀವಽ ಎರಡು ಸಲ ಹೇಳಿಸೀರಿ. ಮುರಿಗೆಪ್ಪ ಬಂದನೋ ಇಲ್ಲೋ?"

ಸಾಕ್ಷಿಯ ಕಡೆ ನೋಡಿದೆ. ಶೀತಲ ತಲೆ ತಗ್ಗಿಸಿ, "ಅಜ್ಜಿ, ಮಮ್ಮಿ ಕರೆಕ್ಟ್" ಎಂದಳು. ದೇವಾನಂದ "ಹೂಂ" ಎಂದ. ಲೆಕ್ಕಾಚಾರದ ಮಾತು ನನ್ನಿಂದಲೇ ಕಲಿತು ನನಗೇ ತಿರುಗಿಸಿದಳು ಈ ಸೊಸೆ.

ಆದರೆ ಅವಳಿಗೂ ಮನಸ್ಸು ಕರಗಿತು. ಹೊಸ ಶರತ್ತು ಹೇಳಿದಳು. ಸ್ನೇಹಲ್‌ಗೆ ಮುಂದಿನ ಭಾನುವಾರ ಮತ್ತೆ ಸುತ್ತಾಟವಿದೆ, ಆ ಐದು ಕಲ್ಲನ್ನು ನಾನು ತೊಳೆದು ಬೋಳು ಮಾಡಬೇಕು. ಐದೂ ಬೋಳಾದ ದಿನ ಕೀಲಿಕೈ ನನ್ನದು. ಇದರಲ್ಲಿ ಯಾವ ಕೊಕ್ಕೆಯೂ ಇಲ್ಲವೆಂದು ಮೂರು ಸಲ ಹೇಳಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಏಳಕ್ಕೆ, ಮನೆಯಲ್ಲಿ ಬಾಗಿಲು ತೆಗೆಯುವವರು ಇರುವಾಗಲೇ, ತಂಬಿಗೆ ಮತ್ತು ಅರಿವೆ ಹಿಡಿದು ಹೋದೆ. ದೇವರ ಕ್ಷಮೆ ಕೇಳಿ ಮೊದಲನೆಯದು ತೊಳೆದೆ. ಎರಡು, ಮೂರು, ನಾಲ್ಕು. ಪ್ರತಿ ಕಲ್ಲಿಗೂ ನಾಲ್ಕು ನಿಮಿಷ. ಐದನೆಯದಕ್ಕೆ ಹೋಗಿ ನೋಡಿದರೆ ಕಲ್ಲೇ ಕಾಣಲಿಲ್ಲ. ಕಂಡದ್ದು ದಾಸವಾಳದ ರಾಶಿ. ಅರಿಸಿನ ಕುಂಕುಮ. ಒಡೆದ ತೆಂಗಿನಕಾಯಿಯ ಎರಡು ಹೋಳು. ಊದಿನಕಡ್ಡಿ. ಅದರ ಮುಂದೆ ಕಣ್ಣು ಮುಚ್ಚಿ ಕೂತ ನೀಲಾವತಿ.

ನಾನು ಮೆಲ್ಲಗೆ ಅರಿವೆ ಚಾಚಿದೆ.

"ಏ! ಎಂಥ ಮಾಡ್ತಿದ್ದೀರಿ ನೀವು?"

"ಒರಸಾಕತ್ತೀನ್ರಿ. ಇದು ನಾನಽ ಹಚ್ಚಿದ್ದೈತ್ರಿ, ನಿನ್ನೆ..."

"ಹಚ್ಚಿದ್ದು ನೀವಿರಬಹುದು. ಹಚ್ಚಿಸಿದ್ದು ಯಾರು? ಚಿರತೆ ಬಾಯಿಂದ ಹತ್ತೊಂಬತ್ತು ಜೀವ ಉಳಿಸಿದ ದೇವರು ಮಾರಾಯ್ರೆ ಇದು!"

"ಅದು ಗೊಬ್ಬರದ ವಾಸನಿ ಇತ್ತಲ್ರಿ ಬಾಯಾರ."

"ನಾವು ಹರಕೆ ಹೊತ್ತ ಮೇಲೆ ಗೊಬ್ಬರ ಆದದ್ದು," ಎಂದಳು ಆಕೆ. "ಒಂದು ಸಲ ನನ್ನ ಬಾಗಿಲು ಮುರಿದಿರಿ, ಸುಮ್ಮನಿದ್ದೆ. ಈಗ ನನ್ನ ದೇವರಿಗೆ ಕೈ ಹಾಕಿದರೆ ನೋಡಿ ಮತ್ತೆ!"

ಬಾಗಿಲಿನ ಮಾತು ಬಂದ ಮೇಲೆ ಅರಿವೆ ಮಡಚಿಕೊಂಡು ಬಂದೆ.

ಮಂಗಳವಾರ ಅಲ್ಲಿ ಮೂವರು ಹೆಣ್ಣುಮಕ್ಕಳು. ಬುಧವಾರ ಏಳು. ಸ್ಟೇಷನ್ನಿಗೆ ಹೋಗುವವರು ಪಾರ್ಕಿನೊಳಗಿಂದ ಬಳಸಿ ಬಂದು, ಲೋಕಲ್ಲಿನಲ್ಲಿ ಕೂರಲು ಜಾಗ ಸಿಗಲೆಂದು ಕೈಮುಗಿದು ಹೋದರು. ಗುರುವಾರ ಯಾರೋ ಗಂಟೆ ಕಟ್ಟಿದರು. ಮುರಿಗೆಪ್ಪ ತಾನೇ ಗೊಬ್ಬರದ ಗುಂ‍ಡಿಗೆ ಹಲಗೆ ಮುಚ್ಚಿ, ಹೊಸ ಗುಂಡಿಯನ್ನು ಆಚೆ ತೋಡಿದ. ಶುಕ್ರವಾರ ನಾನು ಹೋದಾಗ ಕಲ್ಲಿನ ಮುಂದೆ ಬಗ್ಗಿ ನಿಂತಿದ್ದವರಲ್ಲಿ ಒಬ್ಬಳ ಬೂಟು ಗೋಧಿ ಹುಗ್ಗಿಯ ಬಣ್ಣದ್ದು.

"ಶಿವಕುಮಾರಿ! ನೀನೂ?"

"ಶೀತಲಂದು ಗಣಿತದ ಪರೀಕ್ಷಾ ಐತ್ರಿ," ಎಂದಳು, ನಾಚಿಕೊಳ್ಳದೆ.

"ಹಂಗಾದ್ರ ನನ್ನ ಕೀಲಿಕೈ?"

"ಐದೂ ಬೋಳಾಗಬೇಕಂತ ಆಗೇತ್ರಿ ಅತ್ತೀ. ನಾಕಽ ಆಗ್ಯಾವು."

"ಐದನೇದು ಒರಸಾಕ ಬಿಡವಲ್ರಲ್ಲಽ!"

"ಒರಸಬ್ಯಾಡ್ರಿ ಮತ್ತ! ದೇವರದು!" ಎಂದು ಗಾಬರಿಯಾಗಿ ಗಲ್ಲ ಬಡಿದುಕೊಂಡಳು. ಆಮೇಲೆ ಕೈಗಡಿಯಾರ ನೋಡಿ, ನನ್ನನ್ನು ಮನೆಯೊಳಗೆ ಬಿಟ್ಟು, ಅಂಧೇರಿಗೆ ಹೋದಳು. ಬಾಗಿಲು ತಾನೇ ಮುಚ್ಚಿಕೊಂಡು ತಾನೇ ಕೀಲಿ ಹಾಕಿಕೊಂಡಿತು.

ಒರಸದಿದ್ದರೆ ಕೀಲಿಕೈ ಇಲ್ಲ. ಒರಸಿದರೆ ಮನೆಯೇ ಇಲ್ಲ. ಸಂಚಿಯಿಂದ ನಾನು ಎಬ್ಬಿಸಿದ ದೇವರು ನನ್ನನ್ನೇ ಒಳಗೆ ಹಾಕಿ ಕೂತ. ಇಡೀ ಭಾಂಡುಪ ಅವನಿಗೆ ಬೇಡಿಕೊಳ್ಳಲಿ, ನಾನು ಬೇಡುವವಳಲ್ಲ. ನನ್ನ ಬಾಟಲಿಯ ನೀರಿನಲ್ಲಿ ತೊಳೆದು, ನನ್ನ ಸೆರಗಿನಲ್ಲಿ ಒರಸಿ, ನನ್ನ ಸೊಟ್ಟ ಬೆರಳಿನಿಂದ ದೇವರಾದ ಕಲ್ಲಿಗೆ ನಾನೇ ಹೋಗಿ ಹರಕೆ ಹೊರುವಷ್ಟು ನನ್ನ ಬುದ್ಧಿ ಕೆಟ್ಟಿಲ್ಲ. ಇದನ್ನು ಸೊಸೆಗೂ ಹೇಳಿದೆ, ನೀಲಾವತಿಗೂ ಹೇಳಿದೆ, ಸ್ನೇಹಲ್‌ಗೆ ಎರಡು ಸಲ ಹೇಳಿದೆ.

ಭಾನುವಾರ ಬೆಳಿಗ್ಗೆ ಮತ್ತೆ ಸುತ್ತಾಟ. ಈ ಸಲ ಐವತ್ತೆಂಟು ಮಂದಿ. ಎಲ್ಲರೂ ಮೊದಲು ಕೇಳಿದ್ದು, ಚಿರತೆ ದೇವರು ಯಾವ ಕಡೆ ಎಂದು. ಸ್ನೇಹಲ್ ಪಾಪ ತನ್ನ ದಾರಿಯನ್ನೇ ಬದಲಿಸಿದ್ದಳು. ಎಂಟನೆಯ ಕಲ್ಲಿನಿಂದ ಈಗ ಎಡಕ್ಕೆ ತಿರುಗಬೇಕು. ಸುತ್ತಾಟ ಮುಗಿದ ಮೇಲೆ ಅವಳು ನಾನು ಕೂತಿದ್ದ ಬೆಂಚಿಗೆ ಬಂದಳು. ಕೈಯಲ್ಲಿ ಒಂದು ತೆಂಗಿನಕಾಯಿ. ಒಡೆದದ್ದಲ್ಲ, ಇಡಿಯದು. ಬೆಳಿಗ್ಗೆ ಏಳಕ್ಕೆ, ಯಾರೂ ಬರುವ ಮೊದಲೇ, ಐದನೆಯ ಕಲ್ಲಿನ ಮುಂದೆ ಇತ್ತಂತೆ. ಅದಕ್ಕೆ ಕೆಂಪು ದಾರದಲ್ಲಿ ಒಂದು ಮುರಿದ ಕೀಲಿಕೈಯ ಅರ್ಧ ತುಂಡು ಕಟ್ಟಿತ್ತು. ಕಾಯಿಯ ಮೇಲೆ ಮೂರು ಬಿಳಿಯ ಗೀಟು, ಮೂರೂ ಒಂದೇ ಉದ್ದ, ಕೆಳಗಿನದರ ತುದಿ ಮೇಲಕ್ಕೆ ಕೊಂಕಿತ್ತು.

ಸ್ನೇಹಲ್ ಅದನ್ನು ನನ್ನ ಹಣೆಯ ಎತ್ತರಕ್ಕೆ ಹಿಡಿದು, ಒಂದು ಸಲ ಕಾಯಿ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು.

"ಆಜೀ," ಎಂದಳು, "ಇದು ಯಾರದಿರಬಹುದ್ರಿ?"